ಚಹಾದ ಹೊತ್ತಿಗೆ ನಿಂತುಹೋದ ಮಾತು

ಶಹಾಬಾದಿನಲ್ಲಿ ಮನೆಗೆ ಹಾಸುಗಲ್ಲು ಆರಿಸಲು ಹೋದಾಗ, ಪಾಲಿಶ್ ಮಷೀನು ನಿಲ್ಲಿಸಿ ಚಹಾಕ್ಕೆ ಕೂತ ಕೆಲಸಗಾರರ ನಡುವೆ ರಿಹಾನಾ ಕಂಡಳು. ಎಂ.ಎ. ಭಾಷಾವಿಜ್ಞಾನದಲ್ಲಿ ನನ್ನ ಸಹಪಾಠಿ, ನನ್ನ ನೋಟ್ಸ್ ಓದಿ ಪಾಸಾದವಳು.

"ಆಕಿದು ಮೊಬೈಲಿಗಿ ನಮ್ಮ ಮಾತು ಕಲಿಸೋ ಕಂಪನಿ ಅಂತ್ರಿ. ಪಗಾರ ಭಾಳ ಅದಂತ," ಎಂದರು ನನಗೆ ಕಲ್ಲು ತೋರಿಸುತ್ತಿದ್ದ, ಅಲ್ಲಿನ ಲೆಕ್ಕ ಬರೆಯುವ ಮುನೀಮರು.

ತರಗತಿಗೇ ಮೊದಲಿಗಳಾಗಿದ್ದ ನಾನು ಪ್ರತಿ ವರ್ಷ ನೇಮಕಕ್ಕೆ ಕಾಯುವ ಅತಿಥಿ ಉಪನ್ಯಾಸಕಿ. ಇದೇ ಊರಿನ ಆಡುಮಾತಿಗಾಗಿ ಮೂರು ವರ್ಷ ಪ್ರಶ್ನಾವಳಿ ಹಿಡಿದು ಅಲೆದಿದ್ದೆ. ಜನ ಎದ್ದು ನಿಂತು, ಪಠ್ಯಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟಿದ್ದರು.

ರಿಹಾನಾ ಮೊಬೈಲ್ ಮುಂದಿಟ್ಟು ಕೇಳಿದ್ದು ಇಷ್ಟೇ: "ಕಾಕಾ, ನಿನ್ನಿ ಮಷೀನ್ ಯಾಕ ಬಂದ್ ಬಿದ್ದಿತ್ತು, ಹೇಳ್ರಿ." ಮೈತುಂಬ ಕಲ್ಲಿನ ಧೂಳು ಮೆತ್ತಿಕೊಂಡಿದ್ದ ಆ ಹಿರಿಯರು ಮಷೀನನ್ನು ಬೈಯುತ್ತ, ತಮ್ಮ ಮಾತಿಗೆ ತಾವೇ ನಗುತ್ತ ಶುರುಹಚ್ಚಿದರು. ನಾನು ಹುಡುಕಿ ಸೋತ ಮಾತೆಲ್ಲ ಅಲ್ಲಿ ಬಿಟ್ಟಿಯಾಗಿ ಸುರಿಯುತ್ತಿತ್ತು. ಹೊಟ್ಟೆ ಉರಿಯಿತು. ತಡೆಯಲಾಗದೆ ಹತ್ತಿರ ಹೋದೆ.

ಹಿರಿಯರು ತಟ್ಟನೆ ಎದ್ದರು. "ನಮಸ್ಕಾರ ಮೇಡಂ, ತಮಗೆ ಏನು ಬೇಕಾಗಿತ್ತು?"

ರಿಹಾನಾ ನನ್ನನ್ನು ನೋಡಿ ನಕ್ಕಳು, ಆಮೇಲೆ ರೆಕಾರ್ಡಿಂಗ್ ನಿಲ್ಲಿಸಿದಳು.

ಕಲ್ಲು ಮನೆಗೆ ಬಂದಿದೆ. "ನಿಮ್ಮ ಸಂಸ್ಥೆಯಲ್ಲಿ ನನಗೂ ಅವಕಾಶವಿದ್ದರೆ ದಯವಿಟ್ಟು ತಿಳಿಸು" ಎಂದು ದಿನವೂ ಅವಳಿಗೆ ಮೆಸೇಜ್ ಬರೆಯುತ್ತೇನೆ. ಓದಿ ನೋಡಿದರೆ ನಾನೂ ಎದ್ದು ನಿಂತು ಮಾತಾಡಿದಂತಿರುತ್ತದೆ. ಕಳಿಸದೆ ಅಳಿಸಿಬಿಡುತ್ತೇನೆ.