ಖಾಲಿ ಊರಿನಲ್ಲಿ ಕಸ ಗುಡಿಸುವ ಸದ್ದು

ದೆವ್ವದ ಕಥೆ ಹೇಳುವವರು ಸಿಕ್ಕರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ರೆಕಾರ್ಡ್ ಆಗೇತೇನು?" ಹೈದರಾಬಾದಿನ ಹಿಮಾಯತ್‌ನಗರದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಹದಿನೆಂಟು ವರ್ಷದಿಂದ ಸೌಂಡಿನ ಕೆಲಸ ಮಾಡುವವನು ನಾನು. ಮೈಕಿಗೆ ಕೇಳಿಸದ್ದು ಲೋಕದಲ್ಲಿ ಇಲ್ಲವೆಂದೇ ನಂಬಿದ್ದೆ. ಈಗ ಹೇಳಲಿರುವುದನ್ನು ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನನ್ನ ಜೀವದ ಗೆಳೆಯನೇ ನಂಬಲಿಲ್ಲ, ಇನ್ನು ನಿಮ್ಮದೇನು.

ಆ ಗೆಳೆಯ ಸುಧೀಂದ್ರ. ನಮ್ಮಿಬ್ಬರ ಮನೆತನವೂ ಕಲಬುರಗಿ ಕಡೆಯದು. ಅಪ್ಪಂದಿರು ಹೈದರಾಬಾದಿನ ಒಂದೇ ಸರ್ಕಾರಿ ಕಚೇರಿಯಲ್ಲಿದ್ದರು, ನಾವು ಒಂದೇ ಕ್ವಾರ್ಟರ್ಸ್‌ನಲ್ಲಿ ಬೆಳೆದೆವು. ಅವನ ನೌಕರಿ ಗಚ್ಚಿಬೌಲಿಯ ಐಟಿ ಕಂಪನಿಯಲ್ಲಿದ್ದರೂ ಜೀವವೆಲ್ಲ ಸಿನಿಮಾದಲ್ಲಿತ್ತು. ಏಳು ವರ್ಷ ಒಂದೇ ಕಥೆಯನ್ನು ತಿದ್ದಿದ. ಮೂಢನಂಬಿಕೆ ಬಯಲು ಮಾಡುತ್ತೇವೆಂದು ಮೂವರು ಟಿವಿಯವರು ಜಂಬದಿಂದ ಒಂದು ಹಳ್ಳಿಗೆ ಬರುತ್ತಾರೆ. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ತಮ್ಮ ನೆರಳಿಗೆ ತಾವೇ ಹೆದರಿ ಓಡುತ್ತಾರೆ. ಅವರ ಕ್ಯಾಮೆರಾದಲ್ಲಿ ಉಳಿದದ್ದೇ ಸಿನಿಮಾ. ಕ್ಯಾಮೆರಾದವನ ಪಾತ್ರ ಸುಧೀಂದ್ರನದು, ವರದಿಗಾರನದು ಗೆಳೆಯ ನರೇಶನದು, ಸೌಂಡಿನವನದು ನನ್ನದು. ನಟಿಸುವ ಉಸಾಬರಿ ನಿನಗೆ ಬೇಡ, ಮೈಕು ಹಿಡಿದು ಕುಳಿತರೆ ಸಾಕು ಎಂದಿದ್ದ.

ಖಾಲಿ ಹಳ್ಳಿಯನ್ನು ಅವನೇ ಹುಡುಕಿದ. ತಾಂಡೂರು ದಾಟಿ ಕರ್ನಾಟಕದ ಗಡಿಯ ಕಡೆಗಿರುವ ಊರು, ಹೆಸರು ಬೇಡ. ಅಲ್ಲಿ ವರ್ಷಕ್ಕೊಂದು ದಿನ ಹೊತ್ತು ಹುಟ್ಟುವ ಮೊದಲೇ ಎಲ್ಲರೂ ದನಕರು, ಕೋಳಿ, ಕೂಸುಗಳ ಸಮೇತ ಊರು ಬಿಟ್ಟು ಹೊಲಕ್ಕೆ ಹೋಗುತ್ತಾರೆ. ಹೊತ್ತು ಮುಳುಗಿದ ಮೇಲೆಯೇ ವಾಪಸು. ಕನ್ನಡ ನಾಡಿನ ಕೆಲವು ಕಡೆ ಹೊರಬೀಡು ಎನ್ನುತ್ತಾರಲ್ಲ, ಅಂಥದ್ದೇ. ಹೋಗುವಾಗ ಪ್ರತಿ ಮನೆಯವರೂ ಹೊಸ್ತಿಲಿಗೆ ಒಂದು ಹೊಸ ಪೊರಕೆ ಒರಗಿಸಿಡುತ್ತಾರೆ.

ನಾವು ಮುಟ್ಟಿದಾಗ ಊರ ಹಿರಿಯ ಸಾಯಪ್ಪ ಕೊನೆಯವನಾಗಿ ಹೊರಡುತ್ತಿದ್ದ. ಗಡಿಯವನಾದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು. "ಇವತ್ತ ಅವ್ವ ಬಂದು ಊರೆಲ್ಲಾ ಕಸ ಹೊಡಿತಾಳ್ರಿ. ಜಡ್ಡು ಜಾಪತ್ರಿ ಎಲ್ಲಾ ಉಡಗಿ ಹೊರಗ ಹಾಕ್ತಾಳ. ನಡುವ ಮನಷ್ಯಾ ಸಿಕ್ರ ಅವನೂ ಕಸಾನ ಆಕಿಗಿ. ಒಳಗ ಹೋಗಬ್ಯಾಡ್ರಿ" ಎಂದ.

"ಆತ್ರಿ ಯಜಮಾನ್ರ, ನಾವು ರೋಡಿನ ಮ್ಯಾಲೇ ಇರ್ತೀವಿ" ಎಂದು ಸುಧೀಂದ್ರ ಕೈಮುಗಿದ. ಅರ್ಧ ಗಂಟೆಯಲ್ಲಿ ಕೆರೆ ಏರಿಯ ಕಡೆಯಿಂದ ನಾವು ಮೂವರೂ ಊರೊಳಗಿದ್ದೆವು. ಮುದುಕನಿಗೆ ಸುಳ್ಳು ಹೇಳಿದ್ದು ನನಗೆ ಸರಿಬರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಲೂ ಇಲ್ಲ.

ಮೊದಲ ಶಾಟ್ ಊರ ನಡುವಿನ ಓಣಿಯಲ್ಲಿ. ಬೇವಿನ ತರಗೆಲೆ ಓಣಿಯ ತುಂಬ ಬಿದ್ದಿತ್ತು. ನರೇಶ ಮಾತು ಶುರು ಮಾಡಿದ. ನನ್ನ ಹೆಡ್‌ಫೋನಿನಲ್ಲಿ ಸರಕ್, ಸರಕ್ ಎಂದು ಸದ್ದು ಬಂತು. ಯಾರೋ ಅಂಗಳ ಗುಡಿಸುತ್ತಿದ್ದರು. "ಕಟ್, ಯಾರೋ ಕಸ ಹೊಡಿಯಾಕತ್ತಾರ" ಎಂದೆ. ಇಬ್ಬರೂ ನನ್ನ ಮುಖ ನೋಡಿದರು. ಹೆಡ್‌ಫೋನ್ ತೆಗೆದರೆ ಸದ್ದಿಲ್ಲ. ಹಾಕಿದರೆ ಇದೆ. ನರೇಶನ ಕಿವಿಗೆ ಹಾಕಿದರೆ ಅವನಿಗೂ ಇಲ್ಲ.

ತಂತಿ ಬದಲಿಸಿದೆ. ಮೈಕಿಗೆ ಗಾಳಿಗವಸು ಹಾಕಿದೆ. ಅವರು ಉಣ್ಣಲು ಕುಳಿತಾಗ ಊಟ ಬಿಟ್ಟು ಕಾರಿನ ತನಕ ನಡೆದು ಬೇರೆ ಬ್ಯಾಟರಿ ತಂದೆ. ಸದ್ದು ಮಾತ್ರ ಒಂದು ಮನೆ ಮುಗಿಸಿ ಇನ್ನೊಂದು ಮನೆಗೆ ಬಂದಂತೆ ಹತ್ತಿರವಾಗುತ್ತಲೇ ಇತ್ತು. ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಸೌಂಡಿನವನಿಗೆ ದೇವಿಯಾದರೇನು, ಪಕ್ಕದ ಮನೆಯ ಮಿಕ್ಸಿಯಾದರೇನು, ಟೇಕ್ ಕೆಡಿಸಿದರೆ ಎರಡೂ ಒಂದೇ.

ಹದಿನಾಲ್ಕು ಸಲ ಕಟ್ ಎಂದೆ. ಕೊನೆಗೆ ಸುಧೀಂದ್ರ ಕೂಗಾಡಿದ: "ಲೇ, ಮೊದಲ ನಿನ್ನ ಕಿವಿ ತೊಳಸ್ಕೊ! ಹೊತ್ತು ಮುಳುಗಾಕ ಬಂತು. ಏಳು ವರ್ಷದ್ದು ಒಂದ ದಿನದಾಗ ಹಾಳು ಮಾಡಾಕತ್ತಿ." ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಸದ್ದಿನ ಸಮೇತ ಉಳಿದದ್ದನ್ನು ಮುಗಿಸಿದೆವು.

ಹೊರಬರುವಾಗ ಏರಿಯ ಮೇಲೆ ಸಾಯಪ್ಪ ನಿಂತಿದ್ದ. ಬೈಯಲಿಲ್ಲ. ನಮ್ಮ ಹಿಂದಿನ ಓಣಿಯನ್ನೇ ನೋಡುತ್ತಾ, "ನಿಮ್ಮೊಳಗ ಯಾರಿಗರೆ ಏನರೆ ಕೇಳಸ್ತೇನ್ರಿ?" ಎಂದ. "ಏನಿಲ್ರಿ" ಎಂದು ಸುಧೀಂದ್ರ ಹೇಳಿಬಿಟ್ಟ. ನಾನು ಸುಮ್ಮನಿದ್ದೆ. ಆ ಒಂದು ಮಾತು ಆಡದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಹೊಸ ಪೊರಕೆಗಳ ತುದಿ ಸವೆದಿದೆಯೇ ಎಂದು ನೋಡುವ ಬುದ್ಧಿಯೂ ನಮಗೆ ಯಾರಿಗೂ ಬರಲಿಲ್ಲ.

ವಾರದ ನಂತರ ಸ್ಟುಡಿಯೋದಲ್ಲಿ ಕುಳಿತು ಸರಿಬಂದ ಟೇಕ್‌ಗಳನ್ನೆಲ್ಲ ಹಾಕಿದೆವು. ನನ್ನ ರೆಕಾರ್ಡಿಂಗಿನಲ್ಲಿ ಪೊರಕೆಯ ಸದ್ದಿನ ಒಂದು ಎಳೆಯೂ ಇರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸ್ವಚ್ಛ ಸೌಂಡ್ ನಾನು ತೆಗೆದಿಲ್ಲ. ತಲೆ ತಗ್ಗಿಸಿ ಕುಳಿತೆ. ಆಗ ನರೇಶ, "ಎಲಿ ಎಲ್ಲಿ ಹೋದ್ವು?" ಎಂದ.

ಮೊದಲ ಶಾಟಿನಲ್ಲಿ ಓಣಿಯ ತುಂಬ ತರಗೆಲೆ. ಮೂರನೆಯದರಲ್ಲಿ ಅರ್ಧ. ಕೊನೆಯದರಲ್ಲಿ ಒಂದೂ ಇಲ್ಲ. ಅಂದು ಇದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಹೆಜ್ಜೆ ಗುರುತೂ ಇಲ್ಲ. ಮಣ್ಣಿನ ಮೇಲೆ ಪೊರಕೆ ಎಳೆದ ಗೀರುಗಳು ಮಾತ್ರ. ಕಥೆಯಲ್ಲಿ ಅದೆಲ್ಲ ಹತ್ತು ನಿಮಿಷದೊಳಗೆ ನಡೆಯುವ ಸಂಗತಿ. ಒಂದು ಶಾಟಿಗೆ ಇನ್ನೊಂದು ಕೂಡುವಂತೆಯೇ ಇರಲಿಲ್ಲ.

ಸುಧೀಂದ್ರ ನನ್ನ ಕಡೆ ತಿರುಗಿ, "ನೀನ ಉಡಗಿದಿ" ಎಂದ. "ಉಣ್ಣು ಹೊತ್ತಿನ್ಯಾಗ ನೀ ಕಾಣಲಿಲ್ಲ. ಸದ್ದು ಐತಿ ಅಂತ ಸಾಧಿಸಾಕ ಇಷ್ಟೆಲ್ಲಾ ಮಾಡಿದಿ." ಬ್ಯಾಟರಿ ತರಲು ಹೋಗಿದ್ದೆ ಎಂದೆ. ಇಡೀ ಓಣಿ ಗುಡಿಸಲು ನನಗೇನು ಹುಚ್ಚೇ ಎಂದು ಕೂಗಿದೆ. ನನ್ನ ಮಾತಿಗೆ ಸಾಕ್ಷಿ ಎಲ್ಲಿತ್ತು? ಮತ್ತೆ ಶೂಟ್ ಮಾಡೋಣವೆಂದರೆ ಮರುವರ್ಷ ಆ ಊರಿನವರು ಏರಿಯ ಮೇಲೂ ಕಾವಲು ಹಾಕಿದರು. ಸಿನಿಮಾ ಅಲ್ಲಿಗೇ ನಿಂತಿತು. ಸುಧೀಂದ್ರ ನಮ್ಮ ಮನೆಗೆ ಬರುವುದನ್ನು ಬಿಟ್ಟ. ನಲವತ್ತು ವರ್ಷದ ಗೆಳೆತನ ಕಸದಂತೆ ಹೋಯಿತು. ನನಗೆ ಆ ಅವ್ವನ ಮೇಲೂ ಸಿಟ್ಟಿದೆ. ಊರೆಲ್ಲ ಗುಡಿಸಿದವಳಿಗೆ ಒಂದೇ ಒಂದು ಸದ್ದು ನನ್ನ ಯಂತ್ರದಲ್ಲಿ ಬಿಟ್ಟುಹೋಗಲು ಏನಾಗಿತ್ತು?

ಇದೆಲ್ಲ ಆಗಿ ಐದು ವರ್ಷ. ಹೋದ ತಿಂಗಳು ಮಿಯಾಪುರದ ನನ್ನ ಮನೆಯಲ್ಲಿ ಹಳೆಯ ಹಾರ್ಡ್‌ಡಿಸ್ಕ್ ಖಾಲಿ ಮಾಡುತ್ತಿದ್ದಾಗ, ಕೆಟ್ಟಿತೆಂದು ಅಂದು ನಾವು ನೋಡದೇ ಬಿಟ್ಟಿದ್ದ ಒಂದು ಟೇಕ್ ಸಿಕ್ಕಿತು. ಮುಂದೆ ನರೇಶ ಮಾತಾಡಲು ಸಜ್ಜಾಗುತ್ತಿದ್ದಾನೆ. ಹಿಂದೆ ಒಂದು ಕಟ್ಟೆಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ನಾನು ಕುಳಿತಿದ್ದೇನೆ. ಓಣಿಯಲ್ಲಿ ಬೇರೆ ಯಾರೂ ಇಲ್ಲ. ಇದ್ದಕ್ಕಿದ್ದಂತೆ ನಾನು ಮುಖ ಎತ್ತಿ ಎದುರು ನೋಡುತ್ತೇನೆ. ಆಮೇಲೆ, ಮನೆಯಲ್ಲಿ ಕಸ ಗುಡಿಸುವವರು ಹತ್ತಿರ ಬಂದಾಗ ಮಾಡುತ್ತೇವಲ್ಲ, ಹಾಗೆ ಎರಡೂ ಕಾಲು ಮೇಲಕ್ಕೆತ್ತುತ್ತೇನೆ. ತುಸು ಹೊತ್ತು ಬಿಟ್ಟು ಇಳಿಸುತ್ತೇನೆ. ನನಗೆ ಇದರಲ್ಲಿ ಒಂದೂ ನೆನಪಿಲ್ಲ.

ಅದೇ ಟೇಕಿನ ಸೌಂಡ್ ಹುಡುಕಿ ಹಾಕಿದೆ. ಪೊರಕೆಯ ಸದ್ದಿಲ್ಲ. ನನ್ನದೇ ದನಿ ಮಾತ್ರ, ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟಂತೆ, ಸ್ಪಷ್ಟವಾಗಿದೆ: "ಹಾಂ, ಎತ್ತೀನ್ರಿ, ಕಸ ಹೊಡ್ಕೋರಿ."

ಎರಡನ್ನೂ ಕೂಡಿಸಿ ಸುಧೀಂದ್ರನಿಗೆ ಕಳಿಸಿದೆ. ಐದು ವರ್ಷದ ಮೇಲೆ ಅವನಿಂದ ಮೊದಲ ಉತ್ತರ ಬಂತು: "ಆ್ಯಕ್ಟಿಂಗ್ ಭಾಳ ಚಲೋ ಮಾಡಿದ್ದಿ. ಅವತ್ತ ಹೇಳಿದ್ರ ಸಿನಿಮಾದಾಗ ಇಡತಿದ್ದೆ."

ನನಗೆ ಆ್ಯಕ್ಟಿಂಗ್ ಬರುವುದಿಲ್ಲ ಎಂದು ಬರೆದೆ.