ಆತ್ಯಾಳ ಮದುವೆಯಲ್ಲಿ ಎಲ್ಲರೂ ನಕ್ಕರು

ಹೋದ ತಿಂಗಳು ಆಯಿಯ ಹಲ್ಲು ತೋರಿಸಲೆಂದು ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ದವಾಖಾನೆಯಲ್ಲಿ ಕೂತಿದ್ದಾಗ ಆ ನಗು ಕೇಳಿಸಿತು. ನಿಮಗೂ ಗೊತ್ತಿರುವ ನಗುವೇ. ಯಾರ ಗಂಟಲಿನಿಂದಲೂ ಬಾರದ್ದು, ಒಮ್ಮೆಲೇ ಏಳುವಂಥದ್ದು, ಒಮ್ಮೆಲೇ ನಿಲ್ಲುವಂಥದ್ದು, ನಡುವೆ ಉಸಿರೆಳೆದುಕೊಳ್ಳದ್ದು. ಗೋಡೆಯ ಮೇಲಿನ ಟಿವಿಯಲ್ಲಿ ಯಾರೋ ಒಬ್ಬ ಮುದುಕ ಸೈಕಲ್ಲಿನಿಂದ ಗಟಾರಕ್ಕೆ ಬಿದ್ದ. ಒಂದು ಮಗು ಕೇಕಿನೊಳಗೆ ಮುಖವಿಟ್ಟು ಅತ್ತಿತು. ಪ್ರತಿ ಬೀಳುವಿಕೆಗೂ ಅದೇ ನಗು. ಅಲ್ಲಿ ಕೂತಿದ್ದ ಯಾರೂ ನಗುತ್ತಿರಲಿಲ್ಲ. ಎಲ್ಲರೂ ದವಡೆ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದರು. ನಾನು ಎದ್ದು ಹೋಗಿ, ಚೀಟಿ ಬರೆಯುವ ಹುಡುಗಿಗೆ ಅದನ್ನು ಬಂದ್ ಮಾಡಲು ಹೇಳಿದೆ. "ಯಾಕ್ರೀ ಮೇಡಂ, ಕಾಮಿಡಿ ಅದ ಅಲ್ರೀ?" ಎಂದಳು. ಪಾಪ, ಅವಳ ತಪ್ಪೇನಿಲ್ಲ. ಆದರೂ ನನ್ನ ದನಿ ಏರಿತು. ಆಯಿ ಎದ್ದು ಬಂದು ನನ್ನ ಸೆರಗು ಜಗ್ಗಿ ಕೂರಿಸಿದಳು. ನಾನು ಯಾಕೆ ಸಿಡಿದೆನೆಂದು ಆಯಿಗೆ ಮಾತ್ರ ಗೊತ್ತಿತ್ತು.

ನಮ್ಮ ಮನೆ ಕಮಲಾಪುರದಲ್ಲಿತ್ತು. ಇತ್ತು ಎನ್ನುತ್ತೇನೆ, ಯಾಕೆಂದರೆ ಈಗ ಆ ಜಾಗದಲ್ಲಿ ನಾಲ್ಕು ಅಂಗಡಿಗಳ ಕಟ್ಟಡವಿದೆ. ನಡುವೆ ಶಹಾಬಾದಿ ಫರ್ಸಿ ಕಲ್ಲು ಹಾಸಿದ ದೊಡ್ಡ ಅಂಗಳ, ಅದರ ಸುತ್ತ ಕೋಣೆಗಳು, ಹಿಂದೆ ಬಾಳೆಗೊನೆ ಹಣ್ಣಿಗಿಡುವ ಕತ್ತಲೆ ಕೋಣೆ. ನಮ್ಮೂರಿನ ಕೆಂಪು ಬಾಳೆ ಹಣ್ಣಾಗುವಾಗ ಬರುವ ವಾಸನೆ ಇಡೀ ಮನೆಯನ್ನು ಹಿಡಿದಿರುತ್ತಿತ್ತು. ಶಾಲೆಗೆ ಹೋದರೆ ನಮ್ಮ ಲಂಗಗಳಲ್ಲೂ ಅದೇ ವಾಸನೆ. ಆ ಮನೆಯಲ್ಲಿ ಅಜ್ಜಿ, ಅಪ್ಪ, ಆಯಿ, ನಾನು ಮತ್ತು ಅಪ್ಪನ ಅಕ್ಕ ಸುಮಿತ್ರಾ ಇದ್ದೆವು. ನನಗೆ ಅವಳು ಆತ್ಯಾ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಎತ್ತರದ ಹೆಂಗಸು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಿತ್ತು. ಚಿಕ್ಕಂದಿನಲ್ಲಿ ಅವಳು ನಕ್ಕರೆ ಹಿತ್ತಲಿನ ಗುಬ್ಬಿಗಳು ಹಾರಿಹೋಗುತ್ತಿದ್ದವು ಎಂದು ಅಪ್ಪ ಹೇಳುತ್ತಿದ್ದ. ನಾನು ಆ ನಗುವನ್ನು ಕೇಳಿರಲಿಲ್ಲ. ನಾನು ಕಂಡ ಆತ್ಯಾ ಮೆಲ್ಲಗೆ ಮಾತಾಡುತ್ತಿದ್ದಳು, ಅರಿಶಿನ ಕುಂಕುಮದ ದಿನ ಒಳಕೋಣೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

ವಸಂತ ಮಾಸ್ತರರು ಕಲಬುರಗಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಅಪ್ಪನ ಗೆಳೆಯರು, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಐತವಾರದ ರಜೆಗೆ ಬಸ್ಸು ಹಿಡಿದು ಬಂದು ಮಧ್ಯಾಹ್ನವೆಲ್ಲ ಅಪ್ಪನೊಡನೆ ಹರಟೆ ಹೊಡೆದು ಸಂಜೆ ಹೊರಡುತ್ತಿದ್ದರು. ಗಿಡ್ಡ ಮನುಷ್ಯ, ಅಂಗಿಯ ತೋಳಿನ ಮೇಲೆ ಸದಾ ಬಣ್ಣದ ಕಲೆ. ಅವರು ಬರುವ ದಿನ ಆತ್ಯಾ ಚಹಾಕ್ಕೆ ಏಲಕ್ಕಿ ಹಾಕುತ್ತಿದ್ದಳು. ಇದನ್ನು ಗಮನಿಸಿದ್ದು ಅಜ್ಜಿ ಒಬ್ಬಳೇ. ಮಡಿ, ಏಕಾದಶಿ ಎಂದು ಜೀವ ತೇದ ನಮ್ಮ ಅಜ್ಜಿ ಒಂದು ಐತವಾರ ಕಂಬಕ್ಕೆ ಒರಗಿ ಕೂತು, ನೇರವಾಗಿ ಕೇಳಿಬಿಟ್ಟಳು: "ಮಾಸ್ತರ, ನಮ್ಮ ಸುಮಾನ್ನ ಮಾಡ್ಕೋತೀರೇನ್ರಿ?" ಮಾಸ್ತರರ ಕೈಯ ಬಸಿಯಲ್ಲಿ ಚಹಾ ತುಳುಕಿತು. "ಅವರು ಹ್ಞೂಂ ಅಂದ್ರ..." ಎಂದಷ್ಟೇ ಹೇಳಿದರು. ಒಳಗೆ ಆತ್ಯಾಳ ಕೈಯಿಂದ ಏನೋ ಪಾತ್ರೆ ಜಾರಿದ ಸದ್ದಾಯಿತು.

ಬಳಗದಲ್ಲಿ ಎದ್ದ ಗದ್ದಲ ನಿಮಗೆ ಹೇಳಬೇಕಾಗಿಲ್ಲ. ಅಜ್ಜಿಯ ಮೈದುನ ವಿಠ್ಠಲ ಕಾಕಾ ಕಲಬುರಗಿಯಿಂದ ಬಂದು, ಮನೆತನದ ಮರ್ಯಾದೆ ಮಣ್ಣುಪಾಲಾಯಿತೆಂದು ಕೂಗಾಡಿದರು. ಅಜ್ಜಿ, "ನನ್ನ ಮಗಳು ಇದs ಅಂಗಳದಾಗ ಲಗ್ನ ಆಗ್ತಾಳ. ಬರೂದಾದ್ರ ಬರ್ರಿ, ಬಿಡೂದಾದ್ರ ಬಿಡ್ರಿ" ಎಂದಳು. ಬಂದರು, ಎಲ್ಲರೂ ಬಂದರು. ಆದರೆ ಸೂತಕದ ಮನೆಗೆ ಬಂದವರಂತೆ ಮುಖ ಬಿಗಿದುಕೊಂಡು, ಊಟಕ್ಕೆ ನಿಲ್ಲುವುದಿಲ್ಲವೆಂದು ಮೊದಲೇ ಹೇಳಿ ಬಂದರು. ಮಂಗಲಾಷ್ಟಕ ಮುಗಿದು ಅಂತರ್ಪಟ ಸರಿಸಿದಾಗ ಅಂಗಳದಲ್ಲಿ ಒಂದು ಕೆಮ್ಮೂ ಇರಲಿಲ್ಲ, ಕಲಬುರಗಿಯಿಂದ ಕರೆಸಿದ್ದ ವಿಡಿಯೋದವನ ಕ್ಯಾಮೆರಾದ ಗುಂಯ್ ಸದ್ದೊಂದೇ. ಆತ್ಯಾ ಎತ್ತರ, ಮಾಸ್ತರರು ಗಿಡ್ಡ. ಅದಕ್ಕಾಗಿ ಅಪ್ಪ ಮಾಸ್ತರರನ್ನು ಒಂದರ ಮೇಲೊಂದು ಇಟ್ಟ ಎರಡು ಮಣೆಗಳ ಮೇಲೆ ನಿಲ್ಲಿಸಿದ್ದ. ಅವರು ಹಾರ ಎತ್ತಿ ಮುಂದೆ ಬಾಗಿದರು. ಫರ್ಸಿಯ ಮೇಲೆ ಬಿದ್ದಿದ್ದ ಅಕ್ಷತೆಯ ಕಾಳುಗಳ ಮೇಲೆ ಮಣೆ ಜಾರಿತು. ಮಾಸ್ತರರು ಆತ್ಯಾಳ ಕೈ ಹಿಡಿದರು, ಆತ್ಯಾ ಮಂಟಪದ ಕೋಲು ಹಿಡಿದಳು, ಕೋಲು ಯಾರನ್ನೂ ಹಿಡಿಯಲಿಲ್ಲ. ಇಬ್ಬರೂ ಬಿದ್ದರು, ಮೇಲಿನ ಹಳದಿ ಬಟ್ಟೆ ಇಳಿದು ಇಬ್ಬರನ್ನೂ ಮುಚ್ಚಿತು.

ಎಲ್ಲರೂ ಹೌಹಾರಿ ನಿಂತೆವು. ಆಗ ಆ ಬಟ್ಟೆಯ ಕೆಳಗಿಂದ ಆತ್ಯಾ ನಕ್ಕಳು. ಮೊದಲು ಕುಲುಕುಲು ಎಂದು, ಆಮೇಲೆ ತಡೆಯಲಾರದೆ, ಆಮೇಲೆ ಬಾಯಿ ತುಂಬ, ಎದೆ ತುಂಬ. ಎಷ್ಟೋ ವರ್ಷ ಮುಚ್ಚಿಟ್ಟದ್ದು ಒಮ್ಮೆಲೇ ಹೊರಗೆ ಬಂದಂತೆ. ಅಜ್ಜಿ ನಕ್ಕಳು, ಆಯಿ ನಕ್ಕಳು, ಮಂತ್ರ ಹೇಳುತ್ತಿದ್ದ ಭಟ್ಟರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕರು. ವಿಠ್ಠಲ ಕಾಕಾ ಬೇರೆ ಕಡೆ ಮುಖ ತಿರುಗಿಸಿ ನಿಂತಿದ್ದರು, ಅವರ ಹೊಟ್ಟೆ ಕುಣಿಯುತ್ತಿತ್ತು. ಆ ದಿನ ಒಬ್ಬರೂ ಉಣ್ಣದೆ ಹೋಗಲಿಲ್ಲ. ಕಾಕಾ ಶ್ರೀಖಂಡವನ್ನು ಎರಡು ಸಲ ಹಾಕಿಸಿಕೊಂಡು, "ಇನ್ನ ಮ್ಯಾಲ ಮಾಸ್ತರನ್ನ ಖುರ್ಚಿ ಮ್ಯಾಲ ನಿಂದ್ರಸ್ರೆಪ್ಪಾ" ಎಂದರು. ಬೀಳದಿದ್ದರೆ ಆ ಮದುವೆ ಮದುವೆಯಾಗುತ್ತಿರಲಿಲ್ಲ.

ಕೆಲವು ತಿಂಗಳ ನಂತರ ಒಂದು ಐತವಾರ ಆತ್ಯಾ ಮತ್ತು ಮಾಸ್ತರರು ಕಲಬುರಗಿ ಪಕ್ಕದ ಕೋಟನೂರಿನ ತಮ್ಮ ಮನೆಯಿಂದ ಊಟಕ್ಕೆ ಬಂದಿದ್ದರು. ಪಕ್ಕದ ಮನೆಯ ಶಾಂತಾಬಾಯಿ ಓಡಿಬಂದು, "ಟಿವಿ ಹಚ್ರಿ! ನಿಮ್ಮ ಸುಮಿತ್ರಾ ಬರ್ಲಾಕತ್ತಾಳ!" ಎಂದಳು. ಮನೆಮನೆಗಳ ವಿಡಿಯೋ ತರಿಸಿಕೊಂಡು ಮಂದಿಯನ್ನು ನಗಿಸುವ ಒಂದು ಹಿಂದಿ ಕಾರ್ಯಕ್ರಮ. ನಮ್ಮ ಅಂಗಳ ಕಾಣಿಸಿತು. ಮಣೆ ಜಾರಿತು. ಮಾಸ್ತರರ ಕಾಲು ಮೇಲೆದ್ದ ಆ ಗಳಿಗೆಯನ್ನು ಹಿಂದೆ ಮುಂದೆ, ಹಿಂದೆ ಮುಂದೆ ಓಡಿಸಿ ಕುಣಿಸಿದರು. ಕತ್ತೆ ಅರಚುವ ಸದ್ದು ಹಾಕಿದರು. ಮುದಿ ವಯಸ್ಸಿನ ಮದುವೆ ನೋಡಿ ನೆಲಕ್ಕೇ ನಾಚಿಕೆಯಾಗಿ ಜಾರಿತಂತೆ, ಹಾಗೆಂದು ಕೋಟು ತೊಟ್ಟ ಒಬ್ಬ ಹಲ್ಲು ಕಿರಿದ. ಹಳದಿ ಬಟ್ಟೆ ಇಳಿಯಿತು. ನಾವೆಲ್ಲ ಕಾದೆವು. ಆತ್ಯಾಳ ನಗು ಬರಲಿಲ್ಲ. ಅದನ್ನು ಕತ್ತರಿಸಿ ಹಾಕಿ, ಆ ಜಾಗದಲ್ಲಿ ಯಂತ್ರದ ನಗು ತುಂಬಿದ್ದರು. ಟಿವಿಯಲ್ಲಿ ಬೇರೆ ಯಾರೋ ಬೀಳತೊಡಗಿದ ಮೇಲೂ ಅಜ್ಜಿ ಪರದೆಯನ್ನೇ ನೋಡುತ್ತಿದ್ದಳು. "ಸುಮಾ ನಕ್ಕಿದ್ಲಲ್ಲ, ಅದೆಲ್ಲಿ ಹೋತು?" ಎಂದು ಕೇಳಿದಳು. ಆತ್ಯಾ ಎದ್ದು, ತಲೆ ತಗ್ಗಿಸಿ ಬಾಗಿಲು ದಾಟಿ, ಚಹಾ ಮಾಡಲು ಒಳಗೆ ಹೋದಳು.

ನನಗೆ ಈಗಲೂ ಮೈ ಉರಿಯುವುದು ಇಲ್ಲಿಯೇ. ನಾವು ಕೂಡ ನಕ್ಕಿದ್ದೆವಲ್ಲ, ಅವರು ನಕ್ಕರೆ ತಪ್ಪೇನು ಎಂದು ಕೇಳುವವರಿದ್ದಾರೆ. ನಾವು ನಕ್ಕಿದ್ದು ಅವಳು ನಕ್ಕದ್ದಕ್ಕೆ. ಅವರು ಅವಳನ್ನು ಸುಮ್ಮನಾಗಿಸಿ ನಕ್ಕರು. ಈ ವ್ಯತ್ಯಾಸ ತಿಳಿಯದವರಿಗೆ ನಾನು ಏನು ಹೇಳಲಿ? ಅಪ್ಪ ಕಲಬುರಗಿಗೆ ಹೋಗಿ ವಿಡಿಯೋ ತೆಗೆದವನನ್ನು ಹಿಡಿದ. ಕ್ಯಾಸೆಟ್ ಕಳಿಸಿದವನು ಅವನೇ. "ನಿಮ್ಮ ಮನೆತನ ದೇಶಕ್ಕೆಲ್ಲ ಕಾಣ್ತಲ್ರೀ, ಖುಷಿ ಪಡ್ರಿ" ಎಂದನಂತೆ. ಮೂಲ ಕ್ಯಾಸೆಟ್ಟಾದರೂ ಕೊಡು ಎಂದರೆ, ಅದರ ಮೇಲೆ ಆಗಲೇ ಬೇರೆಯವರ ಮದುವೆ ತುಂಬಿದ್ದ. ನಮಗೆ ಕೊಟ್ಟ ಪ್ರತಿಯಲ್ಲಿ ಬಿದ್ದ ಭಾಗವೇ ಇರಲಿಲ್ಲ. ಶುಭಕಾರ್ಯದಲ್ಲಿ ಅಪಶಕುನ ಬೇಡವೆಂದು ತೆಗೆದಿದ್ದನಂತೆ. ವಿಠ್ಠಲ ಕಾಕಾ ಮತ್ತೆ ಬಂದರು. ಶ್ರೀಖಂಡ ತಿಂದ ಅದೇ ಬಾಯಲ್ಲಿ, "ಇದಕ್ಕs ಬ್ಯಾಡಂದಿದ್ದೆ ವೈನಿ" ಎಂದು ಅಜ್ಜಿಗೆ ಹೇಳಿದರು. ಅಜ್ಜಿ ಆ ದಿನ ಅವರಿಗೆ ನೀರೂ ಕೊಡಲಿಲ್ಲ.

ಕಾರ್ಯಕ್ರಮ ಮತ್ತೆ ಮತ್ತೆ ಬಂತು. ಮಾಸ್ತರರು ತರಗತಿಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಕತ್ತೆಯ ಸದ್ದು. ಅವರು ಬೋರ್ಡಿನ ಕಡೆ ತಿರುಗಿ ಮಾವಿನಕಾಯಿ ಬರೆಯುತ್ತಿದ್ದರಂತೆ. ಆತ್ಯಾ ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಳು. "ಕ್ಯಾಮೆರಾ ಇರ್ತಾವವ್ವ" ಎನ್ನುತ್ತಿದ್ದಳು. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು, ಬರಬರುತ್ತ ಸೆರಗು ಬೇಕಾಗುವಂಥ ನಗುವೇ ಬರಲಿಲ್ಲ. ಅಜ್ಜಿ ಹೋದಳು, ಮನೆ ಪಾಲಾಯಿತು, ನಮ್ಮ ಪ್ರತಿಯ ಕ್ಯಾಸೆಟ್ ಬೂಷ್ಟು ಹಿಡಿದು ಹಾಳಾಯಿತು, ಬಾಳೆಹಣ್ಣಿನ ಕೋಣೆ ಕೆಡವಿದರು, ಅಪ್ಪನೂ ಹೋದ. ಆ ತುಣುಕು ಮಾತ್ರ ಸಾಯಲಿಲ್ಲ. ಟಿವಿಯಿಂದ ಫೋನಿಗೆ ಬಂತು. ಒಮ್ಮೆ ಕತ್ತೆಯ ಸದ್ದು ತೆಗೆದು ಯಾವುದೋ ಕುಣಿತದ ಹಾಡು ಹಾಕಿದ್ದರು. ನನ್ನ ಆಫೀಸಿನಲ್ಲಿ ಒಬ್ಬಳು, "ನೋಡ್ರಿ ಇಲ್ಲಿ, ನಕ್ಕು ನಕ್ಕು ಸಾಯ್ತೀರಿ" ಎಂದು ನನ್ನ ಮುಖಕ್ಕೆ ಹಿಡಿದಳು. ನಮ್ಮ ಅಂಗಳದ ಫರ್ಸಿ, ಮೂಲೆಯಲ್ಲಿ ಕೈ ಎತ್ತಿ ನಿಂತ ನನ್ನ ಅಪ್ಪ. ಅಪ್ಪ ಓಡಾಡುವುದನ್ನು ನಾನು ನೋಡಬೇಕೆಂದರೆ ಇಂದಿಗೂ ಅದೊಂದೇ ದಾರಿ. ಇದಕ್ಕಿಂತ ದೊಡ್ಡ ಕ್ರೌರ್ಯ ನನಗೆ ಗೊತ್ತಿಲ್ಲ.

ಹೋದ ವರ್ಷ ಆತ್ಯಾ ತೀರಿಕೊಂಡಳು. ಹದಿಮೂರನೆಯ ದಿನ ಕೋಟನೂರಿನ ಮನೆಯಲ್ಲಿ ಊಟ ಮುಗಿದ ಮೇಲೆ ವಿಠ್ಠಲ ಕಾಕಾರ ಮೊಮ್ಮಗ, ಬ್ಯಾಂಕಿನಲ್ಲಿ ನೌಕರಿ ಮಾಡುವ ಗೃಹಸ್ಥ, ನಾಲ್ಕು ಜನರ ನಡುವೆ ಫೋನು ಹಿಡಿದು ಅದನ್ನೇ ತೋರಿಸುತ್ತಿದ್ದ. "ನೆನಪಿಗಂತ ಹಚ್ಚೀನಿ" ಎಂದ. ನಾನು ಫೋನು ಕಿತ್ತುಕೊಂಡೆ. ಇಷ್ಟು ವರ್ಷ ಯಾರ ಮುಂದೆ ಕೂಗಬೇಕೋ ತಿಳಿಯದೆ ಉಳಿದದ್ದನ್ನೆಲ್ಲ ಅವನ ಮುಂದೆ ಕೂಗಿದೆ. ಅವಳು ನಕ್ಕದ್ದು ಕೇಳಿದ್ದೀಯಾ? ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ?

ಮಾಸ್ತರರು ಕೋಲು ಊರಿಕೊಂಡು ಬಂದು ನನ್ನ ಕೈಯಿಂದ ಫೋನು ತೆಗೆದು ಅವನಿಗೇ ಕೊಟ್ಟರು. ನನ್ನನ್ನು ಹಿತ್ತಲ ಕಟ್ಟೆಗೆ ಕರೆದೊಯ್ದು ಕೂರಿಸಿದರು. ಸಂಜೆಯಾಗುತ್ತಿತ್ತು. ಹಿಂದೆ ಜೋಳದ ಹೊಲವಿದ್ದ ಕಡೆಯೆಲ್ಲ ಈಗ ಮನೆಗಳು.

"ಅಷ್ಟು ಸಿಟ್ಟು ಬ್ಯಾಡವ್ವ. ಅವರ ಹತ್ರ ಏನೂ ಇಲ್ಲ. ಬಟ್ಟಿ ಒಳಗ ಕ್ಯಾಮೆರಾ ಇರಲಿಲ್ಲಲ್ಲ" ಎಂದರು.

ಬಟ್ಟೆಯ ಒಳಗೆ ಏನಾಯಿತೆಂದು ನಾವು ಯಾರೂ ಎಂದೂ ಕೇಳಿರಲಿಲ್ಲ.

"ಬಿದ್ದ ಕೂಡ್ಲೆ, 'ಪೆಟ್ಟಾತೇನ್ರಿ?' ಅಂತ ಕೇಳಿದ್ಲು. ಇಲ್ಲ ಅಂದೆ. ಆಮ್ಯಾಲ ನಕ್ಕದ್ದು ನೀವೆಲ್ಲಾ ಕೇಳೀರಿ. ನಾ ಏಳ್ಲಾಕ ಹೋದೆ. ತೋಳು ಹಿಡಿದು ಕೂಡ್ಸಿದ್ಲು." ಮಾಸ್ತರರು ಕೋಲನ್ನು ಕಟ್ಟೆಗೆ ಒರಗಿಸಿದರು. "'ಒಂದೀಟು ಹಿಂಗs ಇರೂಣ್ರಿ, ಹೊರಗ ಭಾಳ ಮಂದಿ ಇದ್ದಾರ' ಅಂದ್ಲು."