ಗೋಡೆಗೆ ತೂತು ಹಾಕಿದ ಅತ್ತೆ

ಪಕ್ಕದ ಮನೆಯಲ್ಲಿ ಮೊನ್ನೆ ಮೆಷಿನ್ ಹಿಡಿದು ಗೋಡೆ ಕೊರೆದರು. ಇಟ್ಟಿಗೆ ಪುಡಿಯ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮತ್ತೆ ನೆನಪಾದರು...

ಮಂಡ್ಯದಲ್ಲಿ ನಮ್ಮ ಬೀದಿಗೆ ಕರೆಂಟು ಬಂದ ಕಾಲ, ಮೂವತ್ತರ ದಶಕ. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಅತ್ತೆಯ ಕಣ್ಣು ಮಂಜಾಗುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸಲೂ ಆಗುತ್ತಿರಲಿಲ್ಲ. ಅಯ್ಯೋ, ಅವರು ಒಪ್ಪಬೇಕಲ್ಲ! "ನನ್ ಕಣ್ಗೇನಾಗೈತೆ? ಈ ಅಡ್ಗೆಮನೆಗೆ ಬೆಳಕಿಲ್ಲ ಅಷ್ಟೆ. ಕರೆಂಟು ಬರ್ಲಿ, ಒಂದ್ ಕಲ್ಲೂ ಬುಡಾಕಿಲ್ಲ" ಅನ್ನೋರು. ನಮ್ಮ ಯಜಮಾನರ ತಲೆ ತಿಂದು ಕರೆಂಟು ಹಾಕಿಸಿದ್ದೂ ಅವರೇ.

ವೈರಿಂಗ್‌ನವನು ಬಂದು, ತಂತಿ ಒಳಗೆ ತರಲು ಗೋಡೆಗೆ ತೂತು ಹಾಕಬೇಕೆಂದು ಚೀಲ ಬಿಚ್ಚಿದ. ಅತ್ತೆ ಎದುರಿಗೇ ಕುಕ್ಕರಗಾಲಲ್ಲಿ ಕೂತು ಒಂದೊಂದು ಉಳಿಯನ್ನೂ ಬೆರಳಲ್ಲಿ ಸವರಿದರು. "ಇದ್ಯಾಕಪ್ಪಾ ಕೊಳವೆ ಇದ್ದಂಗೈತೆ? ಇದ್ಕ್ಯಾಕೆ ನಾಕು ಏಣು?" ಪಾಪ, ಅವನೂ ಬೇಸರಪಡದೆ ಹೇಳಿದ: ಬಾಯಿಗೆ ಹಲ್ಲಿರುವ ಕೊಳವೆ ಇಟ್ಟಿಗೆಗೆ, ನಾಲ್ಕು ಅಂಚಿನ ಗಟ್ಟಿ ಉಳಿ ಕಲ್ಲಿಗೆ. ಒಂದೇಟು ಹಾಕಿ ಒಂಚೂರು ತಿರುಗಿಸಬೇಕು, ಇಲ್ಲದಿದ್ದರೆ ಒಳಗೇ ಕಚ್ಚಿಕೊಂಡುಬಿಡುತ್ತದೆ. ನನಗೂ ಕುತೂಹಲ, ಒಲೆ ಮೇಲಿನ ಸಾರು ಮರೆತು ನಿಂತಿದ್ದೆ.

ಅವನು ಕೊಳವೆ ಇಟ್ಟು ಬಡಿದ. ಮೇಲಿನ ಗಾರೆ ಉದುರಿತು, ಆಮೇಲೆ ಬರೀ ಟಣ್ ಟಣ್. ಮುಂದಕ್ಕೇ ಹೋಗಲೊಲ್ಲದು. ಅತ್ತೆ ಎದ್ದು ಬಂದು, ಉದುರಿದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಇಟ್ಗೆ ಅಲ್ಲ ಕಣಪ್ಪ, ಇಲ್ಲಿ ಕಲ್ಲೈತೆ. ಈ ಗೋಡೆ ಕಟ್ವಾಗ ಗಾರೆ ಹೊತ್ತೋಳು ನಾನು. ಕೊಡಿಲ್ಲಿ ಆ ಉಳಿಯ."

ಸೆರಗು ಸೊಂಟಕ್ಕೆ ಸಿಗಿಸಿ ಸುತ್ತಿಗೆ ಎತ್ತಿದರು. ಬೆರಳ ಮೇಲೆ ಬಿದ್ದರೇನು ಗತಿ ಅಂತ ನನಗೆ ಜೀವ ಬಾಯಿಗೆ ಬಂದಿತ್ತು. ಏಟು, ತಿರುವು, ಏಟು, ತಿರುವು... ಒಂದೂ ತಪ್ಪಲಿಲ್ಲ. ಅವನೂ ಅವರೂ ಸರದಿಯ ಮೇಲೆ ಬಡಿದು, ಮಧ್ಯಾಹ್ನದ ಹೊತ್ತಿಗೆ ತೂತು ಆಚೆ ಬಿತ್ತು.

ಎಂಟು ದಿನಕ್ಕೆ ಕರೆಂಟು ಬಿಟ್ಟರು. ಸಂಜೆ ಬಲ್ಬು ಹೊತ್ತಿದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅತ್ತೆ ಮೊರದಲ್ಲಿ ಅಕ್ಕಿ ಹರವಿ ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಇಷ್ಟೇನೇನಮ್ಮಿ ಕರೆಂಟು?"

"ಹೊಸದಲ್ವಾ ಅತ್ತೆ, ಬರ್ತಾ ಬರ್ತಾ ಜೋರಾಗುತ್ತಂತೆ" ಅಂದುಬಿಟ್ಟೆ. ನಂಬಿದರು. ಅಂದಿನಿಂದ ದಿನಾ ಸಂಜೆ ಸ್ವಿಚ್ಚು ಹಾಕಿದ ಕೂಡಲೇ, "ಇವತ್ತು ಜಾಸ್ತಿ ಬುಟ್ಟವ್ರಾ?" ಅಂತ ಕೇಳೋರು. ಮೈಸೂರಿಗೆ ಹೋಗಿ ಕಣ್ಣು ತೋರಿಸೋಣ ಅಂತ ಯಜಮಾನರು ಎಷ್ಟು ಕರೆದರೂ, "ಕರೆಂಟು ಜೋರಾಗ್ಲಿ ಬುಡ್ಲಾ" ಅಂತ ಕೂತುಬಿಟ್ಟರು. ನಿಜ ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ಹಾಗೇ ಕಾಯುತ್ತಲೇ ತೀರಿಕೊಂಡರು...

ಹೋದ ತಿಂಗಳು, ಎಂಬತ್ತು ದಾಟಿದ ಮೇಲೆ, ನನ್ನ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿ ಡಾಕ್ಟರು, "ಕಾಣ್ತಿದೆಯಾ ಅಜ್ಜಿ?" ಅಂದರು. ಕಾಣ್ತಿದೆ ಅಂದೆ. ಆ ಒಂದು ಮಾತನ್ನು ನಾನು ಅತ್ತೆಯ ಬಾಯಲ್ಲಿ ಕೇಳಬೇಕಿತ್ತು.